ಮೇಲಿನಕೆರೆಯ ಮೆಟ್ಟಿಲ ಬಳಿ ಗುಂಡಿ ತೋಡುವವರಿಗೆ

ಕಡ್ಲಿಹಾಳ ವಲಯ
ಜೂನ್ 33, 2231

ಮಣ್ಣಿನ ಮಾದರಿ ತೆಗೆಯಲು ಬರುತ್ತಿರುವವರಿಗೆ ದಾನವ್ವ ಕರಡಿಗುಡ್ಡ ಮಾಡುವ ನಮಸ್ಕಾರ.

ತಾರೀಖು ನೋಡಿ ಕೈತಪ್ಪೆಂದುಕೊಳ್ಳಬೇಡಿ. ನಮ್ಮ ಜೂನ್ ತಿಂಗಳಿಗೆ ಮೂವತ್ತೈದು ದಿನ. ಮಳೆ ವರ್ಷದಿಂದ ವರ್ಷಕ್ಕೆ ತಡವಾಗತೊಡಗಿದಾಗ, ಮುಂಗಾರು ಜೂನಿನಲ್ಲೇ ಬಂತೆಂದು ದಾಖಲೆಯಲ್ಲಿ ಬರೆಯಲು ಅನುಕೂಲವಾಗಲೆಂದು ಸರ್ಕಾರ ಜುಲೈಯ ಐದು ದಿನ ಕಿತ್ತು ಜೂನಿಗೆ ಸೇರಿಸಿತು. ಮಳೆ ಬೇಗ ಬರಲಿಲ್ಲ, ತಿಂಗಳು ಉದ್ದವಾಯಿತು. ನನ್ನ ಭಾಷೆಯೂ ನಿಮಗೆ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಹಳೆಯ ದಿನಪತ್ರಿಕೆಗಳ ಕಟ್ಟುಗಳನ್ನು ಓದಿ. ಅಲ್ಲಲ್ಲಿ ಸುದ್ದಿ ಬರೆದಂತೆ ಕಂಡರೆ ಕ್ಷಮಿಸಬೇಕು. ಮನೆಯೊಳಗಿನ ಮಾತು ಮಾತ್ರ ಅಜ್ಜಿಯರ ಕಾಲದಂತೆಯೇ ಉಳಿದಿದೆ. ಈ ಕಡೆ ಓಡಾಡಿದವರಾದರೆ ಅದು ನಿಮಗೆ ಅರ್ಥವಾಗುತ್ತದೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಅದು ಹೇಗೆ ನಡೆಯುತ್ತದೆಂದು ನನಗೆ ಗೊತ್ತಿಲ್ಲ. ನಿಮ್ಮಲ್ಲೂ ಫೋನು ಹೇಗೆ ನಡೆಯುತ್ತದೆಂದು ತಿಳಿದು ಮಾತಾಡುವವರು ಕಡಿಮೆ ಇದ್ದಿರಬೇಕು. ಒಂದು ಮನೆಗೆ ಒಂದೇ ಕಾಗದ ಕಳಿಸಲು ಅಪ್ಪಣೆ. ಹೆಚ್ಚಿನವರು ತಮ್ಮ ಸತ್ತ ತಂದೆಗೋ ತಾಯಿಗೋ ಬರೆಯುತ್ತಾರೆ. ನಾನು ಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆ. ನಾವು ಇಲ್ಲಿ ಸಿಕ್ಕಿಕೊಂಡಿರುವುದು ನೀವು ಒಂದು ಮಧ್ಯಾಹ್ನ ತೋಡಿದ ಗುಂಡಿಯಿಂದ. ನೀವದನ್ನು ಇನ್ನೂ ತೋಡಿಲ್ಲವೆಂದು ನಂಬಿ ಬರೆಯುತ್ತೇನೆ.

ನೀವು ಬರುವುದು ಕಡ್ಲಿಹಾಳದ ಬಣ್ಣದ ಕಾರ್ಖಾನೆಯ ಜಾಗದಲ್ಲಿ ವಿಷ ಎಷ್ಟಿದೆಯೆಂದು ಅಳೆಯಲು. ರಸ್ತೆಯ ಪಟ್ಟೆಗೆ, ಟ್ರ್ಯಾಕ್ಟರಿಗೆ, ಕಬ್ಬಿಣದ ಗೇಟಿಗೆ ಬಳಿಯುವ ಹಳದಿ ಬಣ್ಣದ ಪುಡಿ ಅಲ್ಲಿ ತಯಾರಾಗುತ್ತಿತ್ತು. ಆ ಹಳದಿಯಲ್ಲಿ ಇದ್ದದ್ದು ಸೀಸ ಮತ್ತು ಕ್ರೋಮಿಯಂ. ಕಾರ್ಖಾನೆ ಮುಚ್ಚಿದ ಮೇಲೆ ಆ ನೆಲವನ್ನು ಮನೆಗಳಿಗೆ ಹಂಚಬಹುದೇ ಎಂದು ಹೇಳುವುದು ನಿಮ್ಮ ಕೆಲಸ. ನಿಮ್ಮ ವರದಿ ನಮ್ಮ ಕಚೇರಿಯಲ್ಲಿದೆ. ಅದರಲ್ಲಿ ಸಂಸ್ಥೆಯ ಹೆಸರಿದೆ, ನಿಮ್ಮ ಹೆಸರಿಲ್ಲ. ನಾನೂ ನಿಮ್ಮದೇ ಕೆಲಸದವಳು, ಮಣ್ಣು ಅಳೆಯುವವಳು. ಕಾರ್ಖಾನೆಯ ಒಲೆಯ ಹಿಂದೆ, ಡ್ರಮ್ಮುಗಳ ಶೆಡ್ಡಿನಲ್ಲಿ, ತೊಳೆದ ನೀರು ನಿಂತು ತಿಳಿಯಾಗುತ್ತಿದ್ದ ದೊಡ್ಡ ಹೊಂಡದಲ್ಲಿ ನೀವು ಮಾದರಿ ತೆಗೆದ ರೀತಿಯಲ್ಲಿ ನನಗೆ ಒಂದು ಲೋಪವೂ ಕಾಣಲಿಲ್ಲ.

ಕಾರ್ಖಾನೆಯ ಒಳಗಿನ ಮಣ್ಣಿನಲ್ಲಿ ಎಷ್ಟು ಸೀಸ ಇದೆಯೆಂದು ತಿಳಿದರೆ ಸಾಲದು. ಅದರಲ್ಲಿ ಭೂಮಿಯದೆಷ್ಟು, ಕಾರ್ಖಾನೆಯದೆಷ್ಟು ಎಂದು ಬೇರೆ ಮಾಡಬೇಕು. ಅದಕ್ಕೆ ಕಾರ್ಖಾನೆಯ ಗಾಳಿ, ನೀರು ಮುಟ್ಟದ ಒಂದು ಜಾಗದ ಮಣ್ಣು ಬೇಕು. ಆ ಹೋಲಿಕೆಯ ಗುಂಡಿಯನ್ನು ನಾವು ಮೂಲಗುಂಡಿ ಅನ್ನುತ್ತೇವೆ. ನೀವು ಮೂಲಗುಂಡಿಗೆ ಮೇಲಿನಕೆರೆಯನ್ನು ಆರಿಸಿದಿರಿ. ಕೆರೆ ಕಾರ್ಖಾನೆಗಿಂತ ಎತ್ತರದಲ್ಲಿದೆ, ನಡುವೆ ದಿನ್ನೆ ಇದೆ, ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುತ್ತದೆ. ನೀರು ದಿನ್ನೆ ಹತ್ತುವುದಿಲ್ಲ. ಕೆರೆ ಆ ವರ್ಷ ಒಣಗಿತ್ತು, ಜೀಪಿನ ದಾರಿ ಮೆಟ್ಟಿಲ ಹತ್ತಿರ ಮುಗಿಯುತ್ತಿತ್ತು, ಪಕ್ಕದಲ್ಲೇ ಬೇವಿನ ಮರದ ನೆರಳಿತ್ತು. ಏನೂ ಗೊತ್ತಿಲ್ಲದಿದ್ದರೆ ನಾನೂ ಅಲ್ಲೇ ತೋಡುತ್ತಿದ್ದೆ.

ಅಲ್ಲಿನ ಮಣ್ಣಿನಲ್ಲಿ ಸೀಸ ಹೆಚ್ಚುಕಡಿಮೆ ಕಾರ್ಖಾನೆಯ ಒಳಗಿನಷ್ಟೇ ಸಿಕ್ಕಿತು. ನೀವು ಬರೆದಿರಿ: “ಈ ಭಾಗದ ಮಣ್ಣಿನಲ್ಲಿ ಸೀಸದ ಪ್ರಮಾಣ ಸಹಜವಾಗಿಯೇ ಹೆಚ್ಚು. ಕಾರ್ಖಾನೆಯಿಂದ ಗಮನಾರ್ಹ ಸೇರ್ಪಡೆ ಕಂಡುಬಂದಿಲ್ಲ.” ಈ ಎರಡು ವಾಕ್ಯಗಳ ಮೇಲೆ ನಮ್ಮ ಊರು ನಿಂತಿದೆ. ಕಾರ್ಖಾನೆಯ ನೆಲ ನಿವೇಶನಗಳಾಯಿತು. ಬೇರೆ ಬೇರೆ ಕಡೆಯಿಂದ ಜನ ಬಂದು ಮನೆ ಕಟ್ಟಿದರು. ನನ್ನ ತಾಯಿಯ ಹಿರಿಯರು ಒಂದು ಸಾಲಿಗೆ, ತಂದೆಯ ಹಿರಿಯರು ಎದುರು ಸಾಲಿಗೆ ಬಂದವರು.

ಮುಂದೆ ಎರಡು ಸಂಗತಿ ನಡೆದವು. ಮೊದಲನೆಯದು ತಾಳೆ ಕಾಯಿದೆ. ಮೂಲಗುಂಡಿಗಿಂತ ಹೆಚ್ಚು ವಿಷ ಇರುವ ನೆಲದ ಜನರನ್ನು ಸರ್ಕಾರ ಬೇರೆ ಕಡೆಗೆ ಒಯ್ದು ನೆಲೆ ಕೊಟ್ಟು ಚಿಕಿತ್ಸೆ ಮಾಡಿಸಬೇಕು, ಮೂಲಗುಂಡಿಗೆ ತಾಳೆಯಾದ ನೆಲ ಶುದ್ಧ, ಅಲ್ಲಿಯವರಿಗೆ ಏನೂ ಬೇಕಾಗಿಲ್ಲ ಎನ್ನುತ್ತದೆ ಅದು. ನಮ್ಮ ನೆಲ ತಾಳೆಯಾಯಿತು. ಎರಡನೆಯದು ಉಗುರುಬಾಗಿಲು. ಪಕ್ಕದ ಜಿಲ್ಲೆಗಳು ತಮ್ಮ ಗಡಿಯಲ್ಲಿ ಬಾಗಿಲು ಕಟ್ಟಿ, ಒಳಗೆ ನೆಲೆಸಲು ಬರುವವರ ಉಗುರಿನ ಚೂರು ಕತ್ತರಿಸಿ ಯಂತ್ರಕ್ಕೆ ಹಾಕುತ್ತವೆ. ಸೀಸ ಮಿತಿ ಮೀರಿದರೆ ವಾಪಸು. ಆ ಯಂತ್ರ ಮೂಲಗುಂಡಿಯನ್ನು ಕೇಳುವುದಿಲ್ಲ. ಹೀಗಾಗಿ ನಾವು ಒಳಗೆ ಆರೋಗ್ಯವಂತರು, ಹೊರಗೆ ಮಲಿನರು. ಬಾಗಿಲಿಗೆ ಹೋಗುವ ಮುಂಚೆ ಕೆಲವರು ಚರ್ಮ ಕಾಣುವವರೆಗೆ ಉಗುರು ತೆಗೆಯುತ್ತಾರೆ. “ಅದರಿಂದ ಸೀಸ ಹೋಗೂದಾಗಿದ್ರ ನಾವು ಕೈನ ಕಡಕೋತಿದ್ವಿ” ಎಂದು ಉಳಿದವರು ನಗುತ್ತಾರೆ.

ನಮ್ಮ ದಿನಚರಿಯನ್ನೂ ಹೇಳಬೇಕು, ಇಲ್ಲವಾದರೆ ಸಿಕ್ಕಿಕೊಂಡಿರುವುದು ಎಂದರೇನೆಂದು ನಿಮಗೆ ತಿಳಿಯುವುದಿಲ್ಲ. ನಮ್ಮಲ್ಲಿ ಕಸಬರಿಗೆ ಇಲ್ಲ. ಗುಡಿಸಿದರೆ ಧೂಳೇಳುತ್ತದೆ, ಆದ್ದರಿಂದ ದಿನಕ್ಕೆ ಮೂರು ಹೊತ್ತು ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತೇವೆ. ಒರೆಸಿದ ನೀರನ್ನು ಅಂಗಳಕ್ಕೆ ಚೆಲ್ಲುವಂತಿಲ್ಲ, ಕೇರಿಯ ಕೊನೆಯ ತೊಟ್ಟಿಗೆ ಹೊತ್ತೊಯ್ದು ಸುರಿಯಬೇಕು. ತರಕಾರಿ ಬೆಳೆಯುವುದು ತೂಗುಮಡಿಯಲ್ಲಿ, ಅಂದರೆ ಸೂರಿಗೆ ನೇತುಹಾಕಿದ ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ. ಅದಕ್ಕೆ ಹೊರಜಿಲ್ಲೆಯ ಮಣ್ಣು ತರಿಸುತ್ತೇವೆ. ಹೊರಗಿನ ಮಣ್ಣು ನಮ್ಮಲ್ಲಿಗೆ ಬರಬಹುದು, ನಾವು ಅದು ಇರುವಲ್ಲಿಗೆ ಹೋಗುವಂತಿಲ್ಲ. ಜೋಳವೂ ಹೊರಗಿನದೇ, ರೊಟ್ಟಿ ಬಡಿಯುವ ಸದ್ದು ಮಾತ್ರ ನಮ್ಮದು. ಕುಡಿಯುವುದು ಮಾಳಿಗೆಯ ಮೇಲೆ ಹಿಡಿದ ಮಳೆನೀರು. ಮಕ್ಕಳು ನೆಲ ಮುಟ್ಟದಂತೆ ಕೇರಿಗೊಂದು ಹಲಗೆಯ ಅಟ್ಟ ಕಟ್ಟಿದ್ದೇವೆ, ಅವು ಅದರ ಮೇಲೇ ಆಡುತ್ತವೆ. ಚೆಂಡು ಕೆಳಗೆ ಬಿದ್ದರೆ ದೊಡ್ಡವರು ಇಳಿದು, ತೊಳೆದು ಕೊಡಬೇಕು. ಇಷ್ಟೆಲ್ಲ ಮಾಡಿಯೂ ಸೀಸ ಒಳಗೆ ಬರುತ್ತದೆ. ಗೋಡೆಗಳನ್ನು ಕಟ್ಟಿದ್ದೇ ಆ ಮಣ್ಣಿನಿಂದ.

ನನ್ನ ಮಗಳು ಸಾವಂತ್ರಿ. ಅವಳ ಮೊದಲ ಮಗಳು ಗಂಗಿಗೆ ನಾಲ್ಕು ತುಂಬಿದೆ, ಇನ್ನೂ ಒಂದು ಮಾತಾಡಿಲ್ಲ. ಬೇಕಾದ್ದಕ್ಕೆ ಕೈ ತೋರಿಸುತ್ತದೆ, ಸೆರಗು ಹಿಡಿದು ಎಳೆಯುತ್ತದೆ. ರಕ್ತದಲ್ಲಿರುವ ಸೀಸದಿಂದ ಹೀಗೆ ಎಂದು ನಮ್ಮ ಡಾಕ್ಟರು ಹೇಳಿದರು. ಸಾವಂತ್ರಿ ಈಗ ಮತ್ತೆ ಬಸುರಿ, ಐದು ತಿಂಗಳು. ತಾಯಿಯ ಎಲುಬಿನಲ್ಲಿ ಕೂತ ಸೀಸ ಬಸುರಿನಲ್ಲಿ ಕರಗಿ ಮಗುವಿಗೆ ಹೋಗುತ್ತದೆ. ಈಗಲಾದರೂ ಹೊರಗಿನ ಆಸ್ಪತ್ರೆಗೆ ಸೇರಿಸಿದರೆ ಎರಡನೆಯದನ್ನು ಸ್ವಲ್ಪ ಉಳಿಸಿಕೊಳ್ಳಬಹುದು ಎಂದೂ ಡಾಕ್ಟರು ಹೇಳಿದರು. ಹೊರಗಿನ ಆಸ್ಪತ್ರೆ ಸೇರಿಸಿಕೊಳ್ಳುವುದು ಮಲಿನ ನೆಲದವರೆಂದು ಚೀಟಿ ಇರುವವರನ್ನು ಮಾತ್ರ. ನಮ್ಮ ಚೀಟಿಯಲ್ಲಿ ಶುದ್ಧವೆಂದಿದೆ.

ಆದರೂ ಅವಳು ಗಂಗಿಯನ್ನು ಕಟ್ಟಿಕೊಂಡು ಬಾಗಿಲಿಗೆ ಹೋದಳು. ನಾನೂ ಜೊತೆಗಿದ್ದೆ. ಯಂತ್ರದ ಮುಂದೆ ಕೂತಿದ್ದ ಹೆಂಗಸು ನನ್ನ ವಯಸ್ಸು, ಸಾವಂತ್ರಿಯ ಬಸುರು ನೋಡಿ ಮೆತ್ತಗೇ ಮಾತಾಡಿದಳು.

“ಅಕ್ಕಾ, ನಿಮ್ಮ ಮಣ್ಣಿನ ಚೀಟಿ ಚಲೋ ಐತಿ. ನಿಮ್ಮ ಉಗುರು ಚಲೋ ಇಲ್ಲ.”

“ಹಂಗಾರ ನಮ್ಮ ಮಣ್ಣನ್ನ ಒಳಗ ಬಿಡ್ರಿ” ಅಂದಳು ಸಾವಂತ್ರಿ. “ನಾ ಹೊರಗ ಇರ್ತೇನಿ.”

ಆ ಹೆಂಗಸು ನಕ್ಕಳು, ಆಮೇಲೆ ನಕ್ಕದ್ದಕ್ಕೆ ನಾಚಿಕೊಂಡಳು. ಬಾಗಿಲು ತೆಗೆಯಲಿಲ್ಲ. ಮೇಲಿನವರಿಗೆ ಒಂದು ಮನವಿ ಬರೆದಿಟ್ಟು ಹೋಗಲು ಹೇಳಿದಳು. ಬರೆದಿಟ್ಟು ಬಂದೆವು.

ಕಳೆದ ಬೇಸಿಗೆಯಲ್ಲಿ ಮೂಲಗುಂಡಿಯ ಮಣ್ಣನ್ನು ಹೊಸದಾಗಿ ತೆಗೆದಿಡುವ ಕೆಲಸ ನನ್ನ ಪಾಲಿಗೆ ಬಂತು. ನಿಯಮದಂತೆ ನಿಮ್ಮ ಗುಂಡಿ ಇದ್ದಲ್ಲೇ ತೆಗೆಯಬೇಕು. ತೆಗೆದೆ. ಕೆರೆ ಒಣಗಿತ್ತು, ಕೊರೆಯುವ ಕೋಲು ಕೈಯಲ್ಲಿತ್ತು. ಮೆಟ್ಟಿಲಿನಿಂದ ಹಿಡಿದು ಹಳ್ಳ ಬಂದು ಕೆರೆಗೆ ಕೂಡುವ ಬಾಯಿಯವರೆಗೆ ಸಾಲಾಗಿ ಕೊರೆಯುತ್ತ ಹೋದೆ. ಸೀಸ ಮೆಟ್ಟಿಲ ಬುಡದಲ್ಲಿ ವಿಪರೀತ, ನಡುಕೆರೆಯಲ್ಲಿ ಅಲ್ಪ, ಹಳ್ಳದ ಬಾಯಲ್ಲಿ ಇಲ್ಲವೆನ್ನುವಷ್ಟು. ಭೂಮಿಯ ಸಹಜ ಗುಣ ಮೆಟ್ಟಿಲು ಹುಡುಕಿಕೊಂಡು ಹೋಗಿ ಕೂರುವುದಿಲ್ಲ. ಮನುಷ್ಯರು ಇಳಿಯುವ ಜಾಗದಲ್ಲಿ ಸೀಸ ಇದ್ದರೆ ಅದನ್ನು ಮನುಷ್ಯರೇ ತಂದಿದ್ದಾರೆ. ಮತ್ತೆ ಮೆಟ್ಟಿಲ ಬಳಿಗೆ ಬಂದು ಅಗಲವಾಗಿ ಬಿಡಿಸಿದೆ. ಕರಿ ಗೋಡಿನ, ಅಂದರೆ ಕೆರೆಯ ಹೂಳಿನ, ಕೆಳಗೆ ಹಳದಿ ಪದರ ಸಿಕ್ಕಿತು. ಅದರಲ್ಲಿ ಒಂದು ಹೆಂಟೆ ಪೂರ್ತಿ ಕರಗದೆ ಉಳಿದಿತ್ತು. ತೊಳೆದು ನೋಡಿದರೆ ಹಿಣಿಲು, ಮುರಿದ ಕೋಡು, ಕಣ್ಣಿಗೆ ಗುಲಗಂಜಿ ಒತ್ತಿದ್ದ ಕುಳಿ. ಮಣ್ಣೆತ್ತು.

ನೀವು ಈ ಸೀಮೆಯವರಲ್ಲದಿದ್ದರೆ ಹೇಳುತ್ತೇನೆ. ಕಾರಹುಣ್ಣಿಮೆಯ ನಂತರ ಬರುವ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಯಲ್ಲೂ ಒಂದು ಜೊತೆ ಮಣ್ಣಿನ ಎತ್ತು ಪೂಜಿಸುತ್ತಾರೆ. ಎತ್ತುಗಳನ್ನು ಮಾಡಿ ಮನೆಗಳಿಗೆ ಮುಟ್ಟಿಸುವವರು ಕುಂಬಾರರು. ಮೊದಲು ಮೇಲಿನಕೆರೆಯ ಜಿಗುಟು ಮಣ್ಣಿನಿಂದಲೇ ಮಾಡುತ್ತಿದ್ದರು, ಪೂಜೆ ಮುಗಿದ ಮೇಲೆ ಮೇಲಿನಕೆರೆಯ ಮೆಟ್ಟಿಲ ಬಳಿಯೇ ಬಿಡುತ್ತಿದ್ದರು. ಕೆರೆಯ ಮಣ್ಣು ಕೆರೆಗೆ. ಕಾರ್ಖಾನೆ ಬಂದ ಮೇಲೆ ಅದರ ಹೊಂಡದ ತಳದಲ್ಲಿ ನುಣ್ಣನೆಯ ರಾಡಿ ಕೂರತೊಡಗಿತು. ಒಂದು ಹರಳಿಲ್ಲ, ಒಣಗಿದರೆ ಬಿರುಕಿಲ್ಲ, ಬಣ್ಣ ಬಳಿಯುವುದೇ ಬೇಡ, ಅರಿಶಿನ ಹಚ್ಚಿದಂತೆ ಇರುತ್ತಿತ್ತು. ಮಂಗಳಕರವೆಂದು ಜನ ಅದನ್ನೇ ಬೇಡಿದರು. ಹೊಂಡ ಬರಿದಾಗುತ್ತದೆಂದು ಕಾರ್ಖಾನೆಯವರಿಗೂ ಖುಷಿ. ಬೇಲಿ ಹಾಕಲಿಲ್ಲ, ಇದು ವಿಷವೆಂದು ಒಂದು ಹಲಗೆ ನೆಡಲಿಲ್ಲ. ಮಣ್ಣು ತೆಗೆಯುವ ಜಾಗ ಬದಲಾಯಿತು, ಬಿಡುವ ಜಾಗ ಬದಲಾಗಲಿಲ್ಲ. ಕೆಳಗಿನಿಂದ ತಂದು ಮೇಲೆ ಬಿಟ್ಟರು. ಸುತ್ತಲಿನ ಹಳ್ಳಿಗಳೂ ಬಿಟ್ಟವು. ಕಾರ್ಖಾನೆ ನಡೆದಷ್ಟು ವರ್ಷವೂ ಬಿಟ್ಟವು. ನೀರು ಹತ್ತದ ದಿನ್ನೆಯನ್ನು ಜನ ಹತ್ತಿದರು, ತಲೆಯ ಮೇಲೆ ದೇವರನ್ನು ಹೊತ್ತು, ಹಾಡು ಹೇಳುತ್ತ.

ಇದೆಲ್ಲವನ್ನೂ ಬರೆದುಕೊಂಡು ತಾಳೆ ಕಚೇರಿಯ ಅಧಿಕಾರಿ ಸಂಗಮನಾಥರ ಮುಂದಿಟ್ಟೆ. ಅವರು ಕೆಟ್ಟವರಲ್ಲ. ಅಳತೆಗಳನ್ನು ಎರಡು ಸಲ ಓದಿದರು, ಮಣ್ಣೆತ್ತಿನ ಹೆಂಟೆಯನ್ನು ಕೈಯಲ್ಲಿ ಹಿಡಿದು ನೋಡಿದರು.

“ದಾನವ್ವನವರ, ನೀವು ಹೇಳೂದು ಖರೇ ಐತಿ” ಅಂದರು. “ಆದ್ರ ಮೂಲಗುಂಡಿ ತಪ್ಪು ಅಂತ ನಾ ಹೆಂಗ ಬರೀಲಿ? ಒಂದು ಮಣ್ಣು ಕೆಟ್ಟೈತೋ ಇಲ್ಲೋ ಅಂತ ನೋಡಾಕ ನನಗ ಕೊಟ್ಟಿರೂ ಅಳತಿನ ಮೂಲಗುಂಡಿ. ಮೂಲಗುಂಡಿನ ಮೂಲಗುಂಡಿ ಕೂಡ ಹೋಲಿಸಿ ಹಿಡಿದ್ರ ಯಾವಾಗ್ಲೂ ತಾಳಿ ಆಗ್ತೈತಿ.”

“ಹಳ್ಳದ ಬಾಯಿ ಮಣ್ಣು ಕೂಡ ಹಿಡೀರಿ” ಅಂದೆ.

“ಅದು ಮೂಲಗುಂಡಿ ಅಲ್ಲಲ್ರಿ.”

ಅದನ್ನು ಮೂಲಗುಂಡಿ ಮಾಡಬೇಕಾದರೆ ಮೊದಲು ಈಗಿನದು ಕೆಟ್ಟಿದೆಯೆಂದು ಸಾಬೀತಾಗಬೇಕು. ಕೆಟ್ಟಿದೆಯೆಂದು ಸಾಬೀತು ಮಾಡಲು ಈಗಿನದಕ್ಕೇ ಹೋಲಿಸಬೇಕು. ಅವರು ಚಹಾ ತರಿಸಿದರು.

ಉಳಿದಿದ್ದು ಹಿಂದಂಚೆ. ಕಾಗದದಲ್ಲಿ ಏನು ಬರೆಯುತ್ತೇನೆಂದು ಕೇರಿಯವರಿಗೆ ಹೇಳಿದಾಗ ಕುಂಬಾರ ಗೌರಕ್ಕ ಎದ್ದು ನಿಂತಳು. ವಯಸ್ಸಾದ ಹೆಂಗಸು. ಇವತ್ತಿಗೂ ನಮ್ಮ ವಲಯದ ಎತ್ತುಗಳನ್ನು ಮಾಡುವವಳು ಅವಳೇ.

“ಏನ ಬೇ ದಾನಿ, ಸುರುವಿದಾಂವ ಕಾರ್ಖಾನಿಯಾಂವ. ನಿನ್ನ ಕಣ್ಣಿಗೆ ಕುಂಬಾರ್ತಿ ಬುಟ್ಟಿ ಅಷ್ಟ ಕಂಡಿತೇನ?”

“ಎರಡೂ ಕಂಡಾವ ಯಕ್ಕಾ. ಆದ್ರ ಕಾರ್ಖಾನಿ ಎಲ್ಲಿ ಸುರುವಿತು ಅನ್ನೂದು ಅವರಿಗೆ ಗೊತ್ತಾಗ್ತೈತಿ. ನಾವು ಎಲ್ಲಿ ಒಯ್ದು ಇಟ್ವಿ ಅನ್ನೂದು ಹೇಳದ ಗೊತ್ತಾಗೂದಿಲ್ಲ.”

“ಎತ್ತು ತಾವ ನಡಕೊಂತ ಹೋದ್ವು ಅಂತ ಬರಿ” ಅಂದ ಹಿಂದಿನಿಂದ ಯಾರೋ. ಕೆಲವರು ನಕ್ಕರು. ಗೌರಕ್ಕ ನಗಲಿಲ್ಲ, ಎದ್ದು ಹೋದಳು.

ಈ ವರ್ಷದ ಅಮಾವಾಸ್ಯೆಗೂ ಅವಳು ನಮ್ಮ ನೆಲದ ಮಣ್ಣಿನಿಂದಲೇ ಎತ್ತು ಮಾಡಿದಳು. ಮಾಡದಿದ್ದರೆ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲವೆಂದು ಮುದುಕಿಯರು ಹಟ ಹಿಡಿದಿದ್ದರು. ಪೂಜೆಯಾದ ಮೇಲೆ ಕೆರೆಗೆ ಬಿಡುವುದು ಬೇಡವೆಂದು ಎಲ್ಲರೂ ಒಪ್ಪಿದರು. ಆದರೆ ಎಲ್ಲಿ ಬಿಡುವುದೆಂದು ಯಾರಿಗೂ ತಿಳಿಯಲಿಲ್ಲ. ಎತ್ತುಗಳು ಈಗಲೂ ಮನೆಮನೆಯ ಜಗಲಿಯ ಮೇಲೆ ಒಣಗುತ್ತ ಕೂತಿವೆ. ದಿನವೂ ಅವುಗಳ ಕೆಳಗೆ ಹಳದಿ ಪುಡಿ ಉದುರಿರುತ್ತದೆ. ಮೊನ್ನೆ ಗೌರಕ್ಕ ತಾನಾಗಿಯೇ ನಮ್ಮ ಮನೆಗೆ ಬಂದಳು.

“ಹೊರಗಿಟ್ರ ಧೂಳು, ಒಳಗಿಟ್ರ ಧೂಳು, ನೀರಿಗೆ ಹಾಕಿದ್ರ ನೀರು ಹಾಳು. ದೇವ್ರನ್ನ ಕರೆಸಿದ ಮ್ಯಾಲ ಎಲ್ಲ್ಯಾರ ಕಳಿಸಿ ಕೊಡಬೇಕಲ್ಲ? ಕೂಡಿಸ್ಕೊಂಡು ಕುಂತೇವಿ” ಅಂದಳು. ಹೋಗುವಾಗ ಬಾಗಿಲಲ್ಲಿ ನಿಂತು, “ಬರಿ. ಆದ್ರ ಇದನ್ನೂ ಬರಿ. ಅದು ವಿಷ ಅಂತ ಆಗಿನ ಕುಂಬಾರ್ರಿಗೆ ಯಾರೂ ಹೇಳಿರಲಿಲ್ಲ” ಅಂದಳು.

ಬರೆದಿದ್ದೇನೆ. ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಅಡ್ಡಿ ಇತ್ತು. ಅದನ್ನು ನನ್ನ ಮಗಳು ಎತ್ತಿದಳು. ಕಾಗದದ ಮೊದಲ ಪುಟ ಓದಿ ಕೇಳಿದಳು.

“ಯವ್ವಾ, ಅವ್ರು ಗುಂಡಿ ಬ್ಯಾರೆ ಕಡೆ ತೋಡಿದ್ರ ಕಾರ್ಖಾನಿ ನೆಲಕ್ಕ ಮನಿ ಕಟ್ಟಾಕ ಬಿಡ್ತಿರಲಿಲ್ಲ, ಹೌದಿಲ್ಲೋ?”

“ಹೌದು.”

“ಈ ಎರಡು ಸಾಲು ಮನಿ ಇರ್ತಿರಲಿಲ್ಲ. ನಿಮ್ಮವ್ವನ ಕಡ್ಯಾವ್ರು ನಿಮ್ಮಪ್ಪನ ಕಡ್ಯಾವ್ರನ್ನ ಎಲ್ಲಿ ನೋಡ್ತಿದ್ರು?”

“ನೋಡ್ತಿರಲಿಲ್ಲ.”

“ಅಂದ್ರ ನೀನೂ ಇಲ್ಲ, ನಾನೂ ಇಲ್ಲ, ಗಂಗಿನೂ ಇಲ್ಲ. ಇದೂ ಇಲ್ಲ” ಎಂದು ಹೊಟ್ಟೆಯ ಮೇಲೆ ಕೈಯಿಟ್ಟಳು.

ನಾನು ಬರೆಯುವುದನ್ನು ನಿಲ್ಲಿಸಿದೆ. ನನ್ನನ್ನು ಬಿಟ್ಟುಕೊಡುವುದು ನನಗೆ ಕಷ್ಟವಲ್ಲ, ಇಷ್ಟು ಬದುಕಿದ್ದೇನೆ. ಅವರನ್ನು ಅಳಿಸುವ ಅಧಿಕಾರ ನನಗಿಲ್ಲ. ಅವಳೂ ಆ ಮಾತು ಮತ್ತೆ ತೆಗೆಯಲಿಲ್ಲ. ನಾವಿಬ್ಬರೂ ಒಂದೇ ಮನೆಯಲ್ಲಿ ಆ ಕಾಗದದ ಸುತ್ತ ಓಡಾಡಿಕೊಂಡಿದ್ದೆವು.

ನಿನ್ನೆ ಉಗುರುಬಾಗಿಲಿನಿಂದ ಮನವಿಗೆ ಉತ್ತರ ಬಂತು. ಶುದ್ಧ ನೆಲದವರಿಗೆ ಚಿಕಿತ್ಸೆಯ ಅಗತ್ಯವಿಲ್ಲ ಎಂದಿತ್ತು. ಸಾವಂತ್ರಿ ಅದನ್ನು ಓದಿ ಮಡಿಸಿಟ್ಟಳು. ಗಂಗಿ ನೀರು ಬೇಕೆಂದು ಅವಳ ಸೆರಗು ಎಳೆಯುತ್ತಿತ್ತು. ನೀರು ಕುಡಿಸಿ, ಅದರ ಬಾಯಿ ಒರೆಸಿ, ನನ್ನ ಕಾಗದವನ್ನು ತಂದು ಮುಂದಿಟ್ಟಳು.

“ಬರಿ ಯವ್ವಾ.”

“ನೀ ಹೇಳಿದ್ದು ವಿಚಾರ ಮಾಡೀಯೇನು?”

“ಮಾಡೇನಿ. ನಾವಿಲ್ಲದಿದ್ರ ಬ್ಯಾರೆ ಯಾರೋ ಇರ್ತಾರ. ಅವ್ರ ಮಕ್ಕಳು ಅವ್ವಾ ಅಂತಾವ.”

ಆದ್ದರಿಂದ ಕೇಳುತ್ತಿದ್ದೇನೆ. ನೀವು ಜೀಪು ಇಳಿದ ಮೇಲೆ ಮೆಟ್ಟಿಲ ಬಳಿ ನಿಲ್ಲಬೇಡಿ. ಕೆರೆಯ ಅಂಗಳ ದಾಟಿ ಹಳ್ಳದ ಬಾಯಿಯವರೆಗೆ ನಡೆಯಿರಿ. ಬಿಸಿಲು ಜೋರಿರುತ್ತದೆ, ಜೊತೆಗಿರುವವರು ಗೊಣಗುತ್ತಾರೆ, ಊಟದ ಹೊತ್ತು ಮೀರಿರುತ್ತದೆ. ಆದರೂ ನಡೆಯಿರಿ. ಮೂಲದ ಮಣ್ಣನ್ನು ಅಲ್ಲಿ ತೆಗೆಯಿರಿ. ದಿನ್ನೆಯಾಚೆ ಇನ್ನೊಂದು ಕಡೆಯೂ ತೆಗೆಯಿರಿ, ಒಂದೇ ಗುಂಡಿಯನ್ನು ನಂಬಬೇಡಿ. ನನ್ನ ಮಾತಿನಲ್ಲಿ ಅನುಮಾನವಿದ್ದರೆ ಮೆಟ್ಟಿಲ ಬುಡದಲ್ಲಿ ಮೊಳಕೈ ಆಳ ಬಿಡಿಸಿ ನೋಡಿ. ಗೋಡಿನ ಕೆಳಗೆ ಹಳದಿ ಕಾಣುತ್ತದೆ. ಬುಟ್ಟಿ ಹೊತ್ತ ಹೆಂಗಸರು ದಾರಿಯಲ್ಲಿ ಸಿಕ್ಕರೆ ಹಬ್ಬಕ್ಕೆ ಮಣ್ಣು ಎಲ್ಲಿಂದ ತರುತ್ತೀರಿ, ಎಲ್ಲಿ ಬಿಡುತ್ತೀರಿ ಎಂದು ಎರಡನ್ನೂ ಕೇಳಿ. ಒಂದನ್ನೇ ಕೇಳಿದರೆ ಸಾಲದು. ಅವರನ್ನು ಬಯ್ಯಬೇಡಿ.

ನಿಮ್ಮ ಉತ್ತರ ನನಗೆ ತಲುಪುವ ದಾರಿ ಒಂದೇ. ಹಿಂದಂಚೆ ಸಂಜೆ ಹೊರಡುತ್ತದೆ. ನೀವು ಹಳ್ಳದ ಬಾಯಿಗೆ ನಡೆದರೆ ನನಗೆ ಅದು ತಿಳಿಯುವುದಿಲ್ಲ, ತಿಳಿಯಲು ನಾನಿರುವುದಿಲ್ಲ. ನಾಳೆ ಬೆಳಗ್ಗೆ ನನಗೆ ಎಚ್ಚರವಾಗಿ, ಪಕ್ಕದ ಕೋಣೆಯಲ್ಲಿ ಮಗಳು ಮೊಮ್ಮಗಳು ಮಲಗಿದ್ದು ಕಂಡರೆ ನೀವು ಮೆಟ್ಟಿಲ ಬಳಿಯೇ ತೋಡಿದಿರೆಂದು ತಿಳಿಯುತ್ತೇನೆ. ಆಗ ನನಗೆ ದುಃಖವಾಗುತ್ತದೋ ಸಮಾಧಾನವಾಗುತ್ತದೋ ಹೇಳಲಾರೆ. ಆ ಮಾತನ್ನು ನೀವು ಲೆಕ್ಕಕ್ಕೆ ಹಿಡಿಯಬೇಡಿ. ನಡೆಯಿರಿ.

ನಿಮಗೆ ಒಳ್ಳೆಯದಾಗಲಿ. ಗಂಗಿ ಇಲ್ಲೇ ಕೂತಿದೆ, ಕಾಗದ ಮಡಿಸಲು ಕೈ ಚಾಚುತ್ತಿದೆ. ಕೊಡುತ್ತೇನೆ.

ದಾನವ್ವ